ಒಡೆಯ, ಒಕ್ಕಲು, ಆಳು

೧

ಹಳ್ಳಿಯ ಎಲ್ಲೆಯಲ್ಲಿ ನಿಂತು ಒಂದು ಗದ್ದೆಯನ್ನು ತೋರಿಸಿ "ಈ ನೆಲ ಯಾರದು?" ಎಂದು ಕೇಳಿದರೆ ಇಂದು ದೊರೆಯುವ ಉತ್ತರ ಒಂದೇ: ಪಹಣಿಯಲ್ಲಿ ಯಾರ ಹೆಸರಿದೆಯೋ ಅವರದು. ಇನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಮೂರು ಉತ್ತರಗಳು ಬರಬಹುದಾಗಿದ್ದಿತು. ಮೂರೂ ಏಕಕಾಲದಲ್ಲಿ ಸತ್ಯವಾಗಿಯೂ ಇರಬಹುದಾಗಿದ್ದಿತು. ಗದ್ದೆ ದೇವರದು, ಏಕೆಂದರೆ ಅದರ ಕಂದಾಯ ದೇವಸ್ಥಾನಕ್ಕೆ ಸಲ್ಲುತ್ತದೆ. ಗದ್ದೆ ಭಟ್ಟರದು, ಏಕೆಂದರೆ ಅದರ ಗೇಣಿ ಅವರ ಕಣಜವನ್ನು ಸೇರುತ್ತದೆ. ಗದ್ದೆ ಗೌಡನದು, ಏಕೆಂದರೆ ಅವನ ಮನೆ ಅದನ್ನು ಮೂರು ತಲೆಗಳಿಂದ ಒಕ್ಕಲು ಮಾಡಿಕೊಂಡು ಬಂದಿದೆ. ಇನ್ನೊಬ್ಬನು ಆ ಗದ್ದೆಯ ಕೆಸರಿನಲ್ಲಿಯೇ ನಿಂತಿರುತ್ತಿದ್ದನು. ಗದ್ದೆ ತನ್ನದೆಂದು ಅವನೂ ಹೇಳುತ್ತಿರಲಿಲ್ಲ, ಅವನದೆಂದು ಇತರರೂ ಹೇಳುತ್ತಿರಲಿಲ್ಲ. ಅವನೇ ಆ ಗದ್ದೆಗೆ ಸೇರಿದವನೆಂದು ಮಾತ್ರ ಹೇಳುತ್ತಿದ್ದರು.

ನೆಲವು ಮನುಷ್ಯನಿಗೆ ಸೇರುವುದೂ, ಮನುಷ್ಯನು ನೆಲಕ್ಕೆ ಸೇರುವುದೂ ಬೇರೆ ಬೇರೆ. ನಮ್ಮ ಗ್ರಾಮಜೀವನದಲ್ಲಿ ವರ್ಗ, ಜಾತಿ, ಭೂಸ್ವಾಮ್ಯ ಈ ಮೂರೂ ಹೆಣೆದುಕೊಂಡಿರುವ ಬಗೆಯನ್ನು ಅರಿಯಲು ಈ ಭೇದವೇ ಕೀಲಿಕೈಯೆಂದು ನನಗೆ ತೋರುತ್ತದೆ. ಒಡೆಯ, ಒಕ್ಕಲು, ಆಳು ಎಂಬ ಮೂರು ಕನ್ನಡ ಮಾತುಗಳನ್ನು ಹಿಡಿದು, ಶಾಸ್ತ್ರ, ಶಾಸನ, ರೂಢಿ, ಕಾನೂನು ಈ ನಾಲ್ಕರಲ್ಲಿಯೂ ಅವುಗಳ ಗತಿಯನ್ನು ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಾಸ್ತ್ರದ ಮಾತು. ವಿಶ್ವಜಿತ್ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕೆಂಬ ವಿಧಿಯುಂಟು. ಯಜಮಾನನು ಅರಸನಾದರೆ ಭೂಮಿಯನ್ನೂ ಕೊಡಬೇಕೇ? ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ಈ ಪ್ರಶ್ನೆ ಎದ್ದು, ಕೊಡಲಾಗದೆಂಬ ಸಿದ್ಧಾಂತದಲ್ಲಿ ಮುಗಿಯುತ್ತದೆ. ಭೂಮಿಯು ಎಲ್ಲರಿಗೂ ಸಮಾನವಾದದ್ದು. ಜನರು ಕ್ಷೇತ್ರಗಳಿಗೆ ಒಡೆಯರಾಗಿ ಕಂಡುಬರುತ್ತಾರೆಯೇ ಹೊರತು ಭೂಮಂಡಲಕ್ಕೆ ಒಡೆಯನಾದವನು ಯಾವನೂ ಇಲ್ಲವೆಂಬುದು ಶಬರಭಾಷ್ಯದ ತಾತ್ಪರ್ಯ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ತಮ್ಮ ಜೈಮಿನೀಯನ್ಯಾಯಮಾಲೆಯಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ಅರಸನ ಪ್ರಭುತ್ವವು ದುಷ್ಟರನ್ನು ಶಿಕ್ಷಿಸುವುದಕ್ಕೂ ಶಿಷ್ಟರನ್ನು ಪಾಲಿಸುವುದಕ್ಕೂ ಏರ್ಪಟ್ಟದ್ದು. ಭೂಮಿಯಾದರೋ ತಂತಮ್ಮ ಕರ್ಮಫಲವನ್ನುಣ್ಣುವ ಪ್ರಾಣಿಗಳೆಲ್ಲಕ್ಕೂ ಸಾಧಾರಣವಾದ ಧನವೆಂದು ಅವರ ನಿರ್ಣಯ.

ಇದಕ್ಕೆ ಎದುರಾದ ಪಕ್ಷವೂ ಉಂಟು. ಕಾತ್ಯಾಯನನು ಅರಸನನ್ನು ಭೂಸ್ವಾಮಿಯೆಂದೇ ಕರೆದು, ಆ ಸ್ವಾಮ್ಯದ ಫಲವಾಗಿ ಬೆಳೆಯ ಆರನೆಯ ಒಂದು ಪಾಲು ಅವನಿಗೆ ಸಲ್ಲುವುದೆಂದನು. ಆದರೆ ಉಭಯಪಕ್ಷಗಳಿಗೂ ಸಮ್ಮತವಾದ ಒಂದಂಶವಿದೆ. ಅರಸನಿಗೆ ಸಲ್ಲುವುದು ಬೆಳೆಯ ಪಾಲು. ಉಳಿದುದು ಕ್ಷೇತ್ರವನ್ನು ಹಿಡಿದವನದು.

ಕ್ಷೇತ್ರವನ್ನು ಹಿಡಿದವನು ಯಾರು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ನಲವತ್ತನಾಲ್ಕನೆಯ ಶ್ಲೋಕ ಎಲ್ಲರಿಗೂ ಪರಿಚಿತವಾದುದು. ಮೊಟ್ಟುಗಳನ್ನು ಕಡಿದು ಕಾಡನ್ನು ಗದ್ದೆಮಾಡಿದವನಿಗೆ ಗದ್ದೆ ಸೇರುವುದೆಂದು ಅದರ ಅಭಿಪ್ರಾಯ. ಈ ಮಾತು ಭೂವ್ಯವಹಾರದ ಪ್ರಕರಣದಲ್ಲಿ ಬಂದುದಲ್ಲವೆಂಬುದನ್ನು ಗಮನಿಸಬೇಕು. ಸಂತಾನವು ಬೀಜಕ್ಕೆ ಸೇರುವುದೋ ಕ್ಷೇತ್ರಕ್ಕೆ ಸೇರುವುದೋ ಎಂಬ ಚರ್ಚೆಯಲ್ಲಿ ಅದು ದೃಷ್ಟಾಂತವಾಗಿ ಬಂದಿದೆ. ಲೌಕಿಕರಿಗೂ ಪರೀಕ್ಷಕರಿಗೂ ಯಾವುದರಲ್ಲಿ ಬುದ್ಧಿ ಒಂದೇ ಆಗಿರುವುದೋ ಅದೇ ದೃಷ್ಟಾಂತವೆಂದು ನೈಯಾಯಿಕರ ಲಕ್ಷಣ. ಆದುದರಿಂದ ಕಾಡು ಕಡಿದವನೇ ಕ್ಷೇತ್ರಕ್ಕೆ ಒಡೆಯನೆಂಬುದು ಆ ಕಾಲದ ಲೋಕದಲ್ಲಿ ವಿವಾದವಿಲ್ಲದ ಮಾತಾಗಿದ್ದಿತೆಂದು ಊಹಿಸಬಹುದು.

ಆದರೆ ಅದೇ ಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೆಂಡತಿ, ಮಗ, ದಾಸ ಈ ಮೂವರಿಗೂ ಸ್ವಂತ ಧನವಿಲ್ಲ. ಅವರು ಗಳಿಸಿದುದು ಅವರು ಯಾರಿಗೆ ಸೇರಿದವರೋ ಅವರಿಗೆ ಸೇರತಕ್ಕದ್ದು. ಎರಡು ವಾಕ್ಯಗಳನ್ನೂ ಕೂಡಿಸಿ ಓದಿದರೆ ಅರ್ಥವು ಬೇರೆಯಾಗುತ್ತದೆ. ಮೊಟ್ಟುಗಳನ್ನು ಕಡಿದ ಕೈ ದಾಸನದಾಗಿದ್ದರೆ ಗದ್ದೆ ಅವನಿಗೆ ಸೇರುವುದಿಲ್ಲ. ಅವನ ಒಡೆಯನಿಗೆ ಸೇರುತ್ತದೆ. ಕಡಿದವನು ಎಂಬ ಮಾತಿಗೆ ಕಡಿಸಿದವನು ಎಂಬ ಅರ್ಥವು ಶಾಸ್ತ್ರದಿಂದಲೇ ಸಿದ್ಧವಾಯಿತು. ಈ ಒಂದು ಣಿಜಂತಪ್ರಯೋಗವು ನಮ್ಮ ಹಳ್ಳಿಗಳ ಚರಿತ್ರೆಯಲ್ಲಿ ಎಷ್ಟು ದೂರ ನಡೆದು ಬಂದಿತೆಂಬುದನ್ನು ಮುಂದೆ ನೋಡುವೆವು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಇನ್ನೊಂದು ಮುಖ್ಯ ವಿಷಯವನ್ನು ಹೇಳಿದ್ದಾನೆ. ಸ್ವತ್ವವು ಶಾಸ್ತ್ರದಿಂದ ಹುಟ್ಟಿದುದಲ್ಲ, ಲೌಕಿಕವಾದುದು. ಶಾಸ್ತ್ರವನ್ನರಿಯದ ಜನರಲ್ಲಿಯೂ ನನ್ನದು ನಿನ್ನದು ಎಂಬ ವ್ಯವಹಾರವು ನಡೆಯುತ್ತಿರುವುದೇ ಅದಕ್ಕೆ ಸಾಕ್ಷಿಯೆಂದು ಅವನ ವಾದ. ಭೂಮಿ ಕೈಬದಲಾಗುವಾಗ ಗ್ರಾಮದವರು, ಜ್ಞಾತಿಗಳು, ನೆರೆಹೊಲದವರು, ದಾಯಾದರು ಇವರ ಅನುಮತಿಯೂ ಹಿರಣ್ಯೋದಕದಾನವೂ ಇರಬೇಕೆಂಬ ಸ್ಮೃತಿಯನ್ನು ಉದಾಹರಿಸಿ, ಅವನು ಒಂದೊಂದಕ್ಕೂ ಲೌಕಿಕವಾದ ಪ್ರಯೋಜನವನ್ನೇ ಹೇಳುತ್ತಾನೆ. ಗ್ರಾಮದ ಅನುಮತಿ ವಿಷಯವು ಪ್ರಕಾಶವಾಗಲೆಂದು. ನೆರೆಹೊಲದವರ ಅನುಮತಿ ಎಲ್ಲೆಯ ವ್ಯಾಜ್ಯ ಬಾರದಿರಲೆಂದು. ಈ ಪಟ್ಟಿಯಲ್ಲಿರುವವರೆಲ್ಲರೂ ನೆಲವುಳ್ಳವರು ಅಥವಾ ನೆಲವುಳ್ಳವರ ಬಂಧುಗಳು. ಆ ನೆಲದಲ್ಲಿ ಆಳಾಗಿ ದುಡಿಯುವವನ ಅನುಮತಿಯನ್ನು ಕೇಳಬೇಕೆಂದು ಎಲ್ಲಿಯೂ ಇಲ್ಲ.

೩

ಇನ್ನು ಶಾಸನಗಳ ವಿಚಾರ. ಕನ್ನಡ ಭಾಷೆಯ ಪ್ರಾಚೀನ ಶಾಸನಗಳಲ್ಲಿ ಹೆಸರಾದ, ಕ್ರಿ. ಶ. ಸುಮಾರು ೪೫೦ರದೆಂದು ಎಣಿಸಲಾದ ಹಲ್ಮಿಡಿಯ ಶಾಸನವೇ ಒಂದು ಭೂದಾನದ ಲೇಖ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜ ಅರಸನೆಂಬವನಿಗೆ ಎರಡು ಹಳ್ಳಿಗಳನ್ನು ಕೊಟ್ಟುದನ್ನು ಅದು ಹೇಳುತ್ತದೆ. ಆ ಕೊಡುಗೆಗೆ ಬಾಳ್ಗೞ್ಚು, ಎಂದರೆ ಕತ್ತಿಯನ್ನು ತೊಳೆಯುವುದು, ಎಂದು ಹೆಸರು. ನಮ್ಮ ನುಡಿಯ ಲಿಖಿತಚರಿತ್ರೆಯ ಬಾಗಿಲಿನಲ್ಲಿಯೇ ನೆಲ, ಕತ್ತಿ, ಕೊಡುಗೆ ಮೂರೂ ಒಟ್ಟಾಗಿ ನಿಂತಿವೆ.

ಮುಂದಿನ ಶಾಸನಗಳಲ್ಲಿ ಕೊಡುಗೆಯ ಹೆಸರುಗಳು ಬೆಳೆಯುತ್ತ ಹೋಗುತ್ತವೆ. ವೀರನಿಗೆ ಕಲ್ನಾಡು, ಸತ್ತ ವೀರನ ಮನೆಯವರಿಗೆ ನೆತ್ತರುಗೊಡಗೆ, ಕೆರೆ ಕಟ್ಟಿ ಕಾಪಾಡಿದವರಿಗೆ ಬಿತ್ತುವಟ್ಟ, ಕೆರೆಗೊಡಗೆ, ಬ್ರಾಹ್ಮಣರಿಗೆ ಬ್ರಹ್ಮದೇಯ, ಅಗ್ರಹಾರ, ದೇವರಿಗೆ ದೇವಭೋಗ, ಊರಿನ ಸೇವೆ ಮಾಡುವವರಿಗೆ ಮಾನ್ಯ, ಉಂಬಳಿ. ಉಂಬಳಿಯೆಂಬುದು ಉಣ್ ಧಾತುವಿನಿಂದ ಬಂದ ಮಾತು. ಕೊಡುವವನು ಕೊಟ್ಟದ್ದು ಉಣ್ಣುವ ಹಕ್ಕನ್ನು. ಸರ್ವಮಾನ್ಯ, ಸರ್ವಬಾಧಾಪರಿಹಾರ ಮೊದಲಾದ ಪದಗಳೂ ಇದನ್ನೇ ಹೇಳುತ್ತವೆ. ಅರಮನೆಗೆ ಸಲ್ಲಬೇಕಾದ ತೆರಿಗೆಗಳನ್ನು ಬಿಟ್ಟುಕೊಟ್ಟಿದೆ, ಆ ಪಾಲನ್ನು ಇನ್ನು ಮುಂದೆ ದಾನ ಪಡೆದವನು ತೆಗೆದುಕೊಳ್ಳಲಿ ಎಂದು ಅವುಗಳ ಭಾವ. ಹಲವು ದಾನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನೂ ಧಾರಾಪೂರ್ವಕವಾಗಿ ಕೊಟ್ಟುದುಂಟು. ನೆಲದ ಕೆಳಗಿರುವ ನಿಧಿಗೂ, ಮುಂದೆ ಆಗಬಹುದಾದ ಲಾಭಕ್ಕೂ ಹೆಸರು ದೊರೆತಿದೆ. ಆ ನೆಲವನ್ನು ಅದುವರೆಗೆ ಉಳುತ್ತಿದ್ದವರ ಹೆಸರು ಇಂಥ ಶಾಸನಗಳಲ್ಲಿ ಕಾಣುವುದು ಬಹು ವಿರಳ.

ಸಾಹಿತ್ಯವನ್ನು ಬೋಧಿಸುವವರಿಗೆ ಇಲ್ಲಿ ಒಂದು ಉದಾಹರಣೆ ಹತ್ತಿರವಾದುದು. ವಿಕ್ರಮಾರ್ಜುನವಿಜಯವನ್ನು ಬರೆದುದಕ್ಕಾಗಿ ಪಂಪನಿಗೆ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟನೆಂದು ಕವಿಯೇ ಹೇಳಿಕೊಂಡಿದ್ದಾನೆ. ಕವಿಯ ಗೌರವಕ್ಕೆ ಇದು ಪ್ರಮಾಣವೆಂದು ನಾವು ಪಾಠ ಹೇಳುತ್ತೇವೆ. ಅದು ಯುಕ್ತವೂ ಹೌದು. ಆದರೆ ಧರ್ಮಪುರದ ಗದ್ದೆಗಳನ್ನು ಪಂಪನು ಉಳಲಿಲ್ಲ. ಅಲ್ಲಿ ಉತ್ತವರು ಕೊಡುಗೆಗೆ ಮೊದಲೂ ಇದ್ದರು, ಅನಂತರವೂ ಇದ್ದರು. ಅವರ ಪಾಲಿಗೆ ಬದಲಾದುದು, ಬೆಳೆಯ ಪಾಲನ್ನು ಅಳೆದುಕೊಳ್ಳಲು ಕಣಕ್ಕೆ ಬರುವವರು ಯಾರೆಂಬುದಷ್ಟೆ. ಒಡೆಯ ಮತ್ತು ಒಡವೆ ಎಂಬ ಎರಡು ಮಾತುಗಳೂ ಒಂದೇ ಮೂಲದಿಂದ ಬಂದವು. ಉಳ್ಳವನು ಒಡೆಯ, ಉಳ್ಳದ್ದು ಒಡವೆ. ಶಾಸನದ ಭಾಷೆ ಉಳ್ಳವರ ಭಾಷೆ.

೪

ಒಡೆಯನ ಕೆಳಗೆ ಒಕ್ಕಲು. ಈ ಮಾತಿನ ಅರ್ಥವ್ಯಾಪ್ತಿ ವಿಸ್ಮಯಕರವಾದುದು. ಒಕ್ಕು ಎಂದರೆ ತೆನೆಯಿಂದ ಕಾಳನ್ನು ಬಿಡಿಸುವುದು. ಒಕ್ಕಣೆಯೆಂಬ ರೂಪ ಇಂದಿಗೂ ಕಣದಲ್ಲಿ ಬಳಕೆಯಲ್ಲಿದೆ. ಒಕ್ಕಲೆಂದರೆ ಮನೆಮಾಡಿಕೊಂಡು ನೆಲೆಸುವುದು; ಕರಾವಳಿಯಲ್ಲಿ ಹೊಸಮನೆಯ ಪ್ರವೇಶಕ್ಕೆ ಮನೆಯೊಕ್ಕಲೆಂದೇ ಹೆಸರು. ಒಕ್ಕಲೆಂದರೆ ಒಡೆಯನಿಗೆ ಗೇಣಿ ಕೊಟ್ಟು ಉಳುವ ಕುಟುಂಬವೂ ಹೌದು. ಒಕ್ಕಲುತನವೆಂದರೆ ಬೇಸಾಯ, ಒಕ್ಕಲಿಗನೆಂದರೆ ಬೇಸಾಯಗಾರ, ಜಾತಿಯ ಹೆಸರೂ ಅದೇ. ವಾಸ, ವೃತ್ತಿ, ಹಕ್ಕು, ಜಾತಿ ಈ ನಾಲ್ಕೂ ಒಂದೇ ಮಾತಿನಲ್ಲಿ ಕೂಡಿಕೊಂಡಿವೆ. ಗೇಣಿಯ ನೆಲದಿಂದ ರೈತನನ್ನು ಹೊರಡಿಸುವುದಕ್ಕೆ ಕನ್ನಡದಲ್ಲಿ ಒಕ್ಕಲೆಬ್ಬಿಸುವುದೆಂದು ಹೆಸರು. ನೆಲೆಸಿದವನನ್ನು ಎಬ್ಬಿಸುವ ಈ ಮಾತಿನಲ್ಲಿಯೇ, ಅವನಿಗೆ ನೆಲೆಸುವ ಹಕ್ಕಿದ್ದಿತೆಂಬ ಲೋಕಸಮ್ಮತಿಯೂ ಅಡಗಿದೆ.

ಒಕ್ಕಲಿನ ಹಕ್ಕು ಎಲ್ಲ ಕಡೆಗಳಲ್ಲಿಯೂ ಏಕರೂಪವಾಗಿರಲಿಲ್ಲ. ಕನ್ನಡ ಜಿಲ್ಲೆಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಗಳು ಪ್ರಸಿದ್ಧವಾಗಿದ್ದುವು. ಮೂಲಗೇಣಿಯ ಒಕ್ಕಲಿಗೆ ಗೊತ್ತಾದ ಗೇಣಿ ಇದ್ದಿತು. ಅದನ್ನು ಸಲ್ಲಿಸುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ. ಹಕ್ಕು ಮಕ್ಕಳಿಗೆ ಇಳಿಯುತ್ತಿದ್ದಿತು. ಚಾಲಗೇಣಿಯವನಾದರೋ ಧಣಿಯ ಇಷ್ಟವಿರುವವರೆಗೆ ಮಾತ್ರ ಉಳುವವನು. ೧೮೦೦ರಲ್ಲಿ ಕೆನರಾದ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಅಲ್ಲಿಯ ನೆಲಗಳು ಖಾಸಗಿ ಸ್ವತ್ತುಗಳೆಂದು ಮೇಲಿನವರಿಗೆ ವರದಿಮಾಡಿದನು. ಅಲ್ಲಿ ವರ್ಗದಾರನು ಸರ್ಕಾರಕ್ಕೆ ಕಂದಾಯ ಕೊಡುವ ಒಡೆಯನೆನ್ನಿಸಿಕೊಂಡನು. ಒಕ್ಕಲುಗಳು ಅವನ ಕೆಳಗೆ ಉಳಿದರು. ಮೈಸೂರು ಸೀಮೆಯಲ್ಲಿ ಬೆಳೆಯನ್ನು ಹಂಚಿಕೊಳ್ಳುವ ವಾರ, ಕೋರು ಮೊದಲಾದ ಪದ್ಧತಿಗಳಿದ್ದುವು.

ಪಾಲಿನ ಜಗಳವೆಲ್ಲವೂ ಕೊನೆಗೆ ಅಳತೆಯ ಜಗಳ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ರೈತಸತ್ಯಾಗ್ರಹವನ್ನು ಇಲ್ಲಿ ನೆನೆಯಬೇಕು. ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರವು ಆ ವಿವಾದದ ಮುಖ್ಯವಾದ ಕಾರಣಗಳಲ್ಲಿ ಒಂದು. ಒಕ್ಕಲುಗಳು ಹೆಚ್ಚಾಗಿ ದೀವರ ಜಾತಿಯವರು. ಒಡೆಯರು ಬೇರೆ ಜಾತಿಯವರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ನಾಯಕರಾದ ರಾಮಮನೋಹರ ಲೋಹಿಯಾ ಅವರೂ ಬಂದು ದಸ್ತಗಿರಿಯಾದರು. ಒಕ್ಕಲಿಗೆ ಒಂದು ಹೆಸರಿದ್ದಿತು, ಅಳೆದು ತೋರಿಸಬಹುದಾದ ಒಂದು ಪಾಲಿದ್ದಿತು, ಅನ್ಯಾಯವಾದಾಗ ಎದ್ದು ನಿಂತು ಇದು ಅಳತೆಗೆ ಮೀರಿತೆಂದು ಹೇಳಲು ಒಂದು ಆಧಾರವಿದ್ದಿತು. ಪ್ರಕೃತ ವಿಚಾರಕ್ಕೆ ಇದು ಮುಖ್ಯ.

೫

ಒಕ್ಕಲಿನ ಕೆಳಗೆ ಆಳು. ಕನ್ನಡದಲ್ಲಿ ಆಳ್ ಎಂಬುದು ಕ್ರಿಯೆಯಾದರೆ ಪ್ರಭುತ್ವವನ್ನು ಮಾಡುವುದು. ನಾಮವಾದರೆ ಇನ್ನೊಬ್ಬನ ಕೆಲಸದವನು. ಎರಡೂ ಬೇರೆ ಬೇರೆ ಶಬ್ದಗಳೇ ಆಗಿರಲಿ, ಕಿವಿಗೆ ಒಂದೇ ಆಗಿ ಕೇಳುವ ಈ ಎರಡು ಮಾತುಗಳ ನಡುವೆ ಹಳ್ಳಿಯ ಸಮಸ್ತ ವ್ಯವಸ್ಥೆಯೂ ಹರಡಿಕೊಂಡಿದೆ.

೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲೆಯಾಳ ದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತುಳುನಾಡಿನ ಬೇಸಾಯದ ಆಳುಗಳಲ್ಲಿ ಎರಡು ಬಗೆಯವರನ್ನು ಗುರುತಿಸಿದ್ದಾನೆ. ಕೂಲಿಗೆ ಬರುವವರು ಕೂಲಿಯಾಳುಗಳು, ಕೊಂಡುಕೊಂಡವರು ಮೂಲದಾಳುಗಳು. ಮೂಲಗೇಣಿಯಲ್ಲಿರುವ ಮೂಲವೆಂಬ ಮಾತೇ ಇಲ್ಲಿಯೂ ಇದೆ. ಒಕ್ಕಲಿನ ಹೆಸರಿಗೆ ಮೂಲವು ಸೇರಿದರೆ ಅವನನ್ನು ಆ ನೆಲದಿಂದ ಯಾರೂ ಎಬ್ಬಿಸುವಂತಿಲ್ಲವೆಂದು ಅರ್ಥ. ಆಳಿನ ಹೆಸರಿಗೆ ಮೂಲವು ಸೇರಿದರೆ ಅವನು ಆ ಒಡೆಯನನ್ನು ಬಿಟ್ಟು ಹೋಗುವಂತಿಲ್ಲವೆಂದು ಅರ್ಥ. ಸ್ಥಿರತೆಯು ಒಬ್ಬನಿಗೆ ಹಕ್ಕಾಯಿತು, ಇನ್ನೊಬ್ಬನಿಗೆ ಬಂಧನವಾಯಿತು. ಈ ಎರಡು ಮೂಲಗಳ ನಡುವಣ ಗೆರೆಯು ಬಹುಮಟ್ಟಿಗೆ ಜಾತಿಯ ಗೆರೆ. ಮೂಲದಾಳುಗಳು ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಜಾತಿಗಳವರು. ೧೮೪೩ರ ಐದನೆಯ ಆಕ್ಟಿನಿಂದ ದಾಸ್ಯಕ್ಕೆ ಕೋರ್ಟುಗಳ ಮನ್ನಣೆ ತಪ್ಪಿತು. ಆದರೂ ಸಾಲದ ರೂಪದಲ್ಲಿ ಜೀತವು ಉಳಿಯಿತು. ಅದನ್ನು ರದ್ದುಗೊಳಿಸಲು ೧೯೭೬ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು.

ಮೈಸೂರು ಸೀಮೆಯಲ್ಲಿ ಈ ಸಂಬಂಧಕ್ಕೆ ಹಳೆಮಗನೆಂಬ ಮೃದುವಾದ ಹೆಸರಿದ್ದಿತು. ನೆಲವುಳ್ಳ ಒಂದೊಂದು ಮನೆತನಕ್ಕೂ ವಂಶಪರಂಪರೆಯಾಗಿ ಸೇವೆಮಾಡುವ ದಲಿತ ಕುಟುಂಬದವನು ಹಳೆಮಗ. ಮದುವೆ, ಸಾವು, ಸುಗ್ಗಿಗಳಲ್ಲಿ ಅವನಿಗೆ ಗೊತ್ತಾದ ಕೆಲಸವೂ ಗೊತ್ತಾದ ಪಡಿಯೂ ಇದ್ದುವು. ಮಗನೆಂದು ಕರೆಸಿಕೊಂಡರೂ ದಾಯಭಾಗವಿಲ್ಲದವನು ಅವನು. ಜನ್ಮದಿಂದಲೇ ಪುತ್ರನಿಗೆ ಸ್ವತ್ವ ಬರುವುದೆಂದು ಮಿತಾಕ್ಷರೆಯನ್ನು ಪಾಠ ಹೇಳುವಾಗ, ಜನ್ಮದಿಂದಲೇ ಸೇವೆಗೆ ಬಂದ ಈ ಮಗನ ನೆನಪು ನಮ್ಮ ಪಾಠಶಾಲೆಗಳಲ್ಲಿ ಬಂದುದಿಲ್ಲ.

ಇನ್ನು ಆಯಗಾರರ ವ್ಯವಸ್ಥೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಎಂದು ಹನ್ನೆರಡು ಮಂದಿಯನ್ನು ಎಣಿಸುವುದು ವಾಡಿಕೆ. ಕೆಲವು ಸೀಮೆಗಳಲ್ಲಿ ಎಣಿಕೆ ಬೇರೆಯೂ ಉಂಟು. ಸುಗ್ಗಿಯ ಕಣದಲ್ಲಿ ರಾಶಿಯನ್ನು ಮನೆಗೆ ಸಾಗಿಸುವ ಮೊದಲೇ ಇವರ ಆಯವನ್ನು ಅಳೆದು ಕೊಡಬೇಕಾಗಿದ್ದಿತು. ಹಲವರಿಗೆ ಸಣ್ಣ ಸಣ್ಣ ಮಾನ್ಯಗಳೂ ಇದ್ದುವು. ಆದುದರಿಂದ ನೆಲವಿಲ್ಲದವನೂ ಬೆಳೆಯಲ್ಲಿ ಪಾಲುಗಾರನಾಗಿದ್ದನೆಂದು ಕೆಲವರು ಈ ವ್ಯವಸ್ಥೆಯನ್ನು ಹೊಗಳುತ್ತಾರೆ. ಹೊಗಳಿಕೆಯಲ್ಲಿ ಸತ್ಯಾಂಶವಿದೆ. ಆದರೆ ಪಾಲು ದೊರೆಯುತ್ತಿದ್ದುದು ಜಾತಿಗೆ ಕಟ್ಟಿದ ಕೆಲಸಕ್ಕಾಗಿ. ಕೆಲಸವನ್ನು ಬಿಟ್ಟರೆ ಪಾಲೂ ಹೋಗುತ್ತಿದ್ದಿತು, ಪಾಲಿಗಾಗಿ ಕೆಲಸವನ್ನು ಬಿಡುವಂತಿರಲಿಲ್ಲ. ಮುಂಬಯಿ ಪ್ರಾಂತದ ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯನ್ನು ತಿದ್ದಬೇಕೆಂದು ಡಾ. ಅಂಬೇಡ್ಕರರು ೧೯೨೮ರಲ್ಲಿ ಮಸೂದೆಯನ್ನು ತಂದುದು ಇದಕ್ಕಾಗಿಯೇ. ಮಹಾರರ ವತನದ ತುಂಡುನೆಲವು ಅವರನ್ನು ಊರಿನ ಚಾಕರಿಗೆ ಕಟ್ಟಿಹಾಕುವ ಹಗ್ಗವಾಗಿದೆಯೆಂದು ಅವರು ಕಂಡಿದ್ದರು. ಆಗ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಅದೇ ಪ್ರಾಂತದಲ್ಲಿದ್ದುವು.

ಹಳೆಯ ಮೈಸೂರಿನ ಇನ್ನೊಂದು ರೂಢಿ ವಿಚಾರಾರ್ಹವಾದುದು. ಹಳ್ಳಿಯ ಎಲ್ಲೆಯ ವ್ಯಾಜ್ಯ ಹುಟ್ಟಿದಾಗ ಹೊಲೆಯರ ಕುಳವಾಡಿಯ ಮಾತನ್ನು ಪ್ರಮಾಣವಾಗಿ ತೆಗೆದುಕೊಳ್ಳುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ಲೇಖಕರು ಬರೆದಿಟ್ಟಿದ್ದಾರೆ. ಊರಿನ ಮಣ್ಣಿನ ಉಂಡೆಯನ್ನು ತಲೆಯ ಮೇಲಿಟ್ಟುಕೊಂಡು ಅವನು ಎಲ್ಲೆಯನ್ನು ನಡೆದು ತೋರಿಸಬೇಕಾಗಿದ್ದಿತು. ಇದರಿಂದ ಅವನ ಪೂರ್ವಿಕರೇ ಆ ನೆಲದ ಆದಿಯ ಒಡೆಯರಾಗಿದ್ದರೆಂದು ಊಹಿಸಿದವರುಂಟು. ಆ ಊಹೆಯು ನಿಲ್ಲಲಿ, ಬೀಳಲಿ. ಸಮಸ್ತ ಊರಿನ ಎಲ್ಲೆಯನ್ನೂ ಬಲ್ಲವನಿಗೆ ತನ್ನದೆಂದು ಹೇಳಿಕೊಳ್ಳಲು ಬಹುಶಃ ಒಂದು ತುಂಡು ಮಾನ್ಯದ ಹೊರತು ಬೇರೆ ನೆಲವಿರಲಿಲ್ಲ.

೬

ಹೀಗೆ ಪದರ ಪದರವಾಗಿದ್ದ ಪಾಲುಗಳು ಹತ್ತೊಂಬತ್ತನೆಯ ಶತಮಾನದ ಮೋಜಣಿಯಲ್ಲಿ ಒಂದೇ ಹೆಸರಿನ ಕೆಳಗೆ ಬಂದುವು. ಮುಂಬಯಿ ಕರ್ಣಾಟಕದಲ್ಲಿ ೧೮೪೦ರ ದಶಕದಲ್ಲಿಯೂ ಮೈಸೂರಿನಲ್ಲಿ ೧೮೬೩ರಿಂದ ಮುಂದೆಯೂ ನಡೆದ ಪೈಮಾಯಿಷಿಯು ನೆಲವನ್ನು ನಂಬರುಗಳಾಗಿ ಅಳೆದು, ಒಂದೊಂದು ನಂಬರಿಗೂ ಕಂದಾಯಕ್ಕೆ ಹೊಣೆಯಾದ ಒಬ್ಬ ಖಾತೆದಾರನನ್ನು ಗೊತ್ತುಮಾಡಿತು. ಕಂದಾಯ ಕೊಡುವವನೇ ಒಡೆಯನೆಂಬ ಭಾವನೆ ಬಲವಾಯಿತು. ಖಾತೆಯನ್ನು ಮಾರಬಹುದು, ಭೋಗ್ಯಕ್ಕೆ ಹಾಕಬಹುದು, ಸಾಲಕ್ಕೆ ಜಫ್ತಿಮಾಡಿಸಬಹುದು. ಗ್ರಾಮ, ಜ್ಞಾತಿ, ಸಾಮಂತ, ದಾಯಾದರ ಅನುಮತಿಯ ಬದಲು ರಿಜಿಸ್ಟ್ರಿ ಬಂದಿತು.

ಸ್ವಾತಂತ್ರ್ಯಾನಂತರದ ಕಾಯಿದೆಗಳು ಈ ಒಡೆತನವನ್ನು ಮೇಲಿನ ಪದರದಿಂದ ಕೆಳಗಿನ ಪದರಕ್ಕೆ ಇಳಿಸಲು ಯತ್ನಿಸಿದುವು. ಮೈಸೂರಿನಲ್ಲಿ ೧೯೫೪ರ ಕಾಯಿದೆ ವೈಯಕ್ತಿಕ ಇನಾಮುಗಳನ್ನೂ ೧೯೫೫ರದು ಧಾರ್ಮಿಕ ಇನಾಮುಗಳನ್ನೂ ರದ್ದುಮಾಡಿದುವು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ಹೋದುವು. ಅದೇ ೧೯೬೧ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ೧೯೭೪ನೆಯ ಮಾರ್ಚಿ ೧ರಿಂದ ಜಾರಿಗೆ ಬಂದಿತು. ಗೇಣಿಯ ನೆಲಗಳೆಲ್ಲವೂ ಸರ್ಕಾರಕ್ಕೆ ಸೇರಿ, ಅಲ್ಲಿಂದ ಗೇಣಿದಾರನಿಗೆ ಅಧಿಭೋಗದ ಹಕ್ಕು ದೊರೆಯುವಂತಾಯಿತು. ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಲಿ ತೀರ್ಪು ಕೊಡಬೇಕು. ಕರಾವಳಿಯ ಜನ ಇದಕ್ಕೆ ಡಿಕ್ಲರೇಷನ್ ಹಾಕುವುದೆಂದು ಹೇಳುತ್ತಿದ್ದರು. ಭಾರತದಲ್ಲಿ ಭೂಸುಧಾರಣೆಯು ನಿಜವಾಗಿ ನಡೆದ ಕೆಲವೇ ಸೀಮೆಗಳಲ್ಲಿ ನಮ್ಮ ಕರಾವಳಿ ಮಲೆನಾಡುಗಳೂ ಸೇರಿವೆಯೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

"ಉಳುವವನೇ ಹೊಲದೊಡೆಯ" ಎಂಬುದು ಆ ಕಾಲದ ಘೋಷಣೆ. ಉಳುವವನೆಂದರೆ ಯಾರು? ಇಲ್ಲಿ ಕಾಯಿದೆಯ ಪರಿಭಾಷೆಯನ್ನು ನೋಡಬೇಕು. ಅದರ ನಾಲ್ಕನೆಯ ಕಲಮಿನ ಪ್ರಕಾರ ಇನ್ನೊಬ್ಬರ ನೆಲವನ್ನು ನ್ಯಾಯವಾಗಿ ಸಾಗುವಳಿ ಮಾಡುವವನನ್ನು ಗೇಣಿದಾರನೆಂದು ಭಾವಿಸತಕ್ಕದ್ದು. ಆದರೆ ಬೆಳೆಯ ಪಾಲನ್ನು ಪಡೆಯದೆ ಹಣವನ್ನೋ ಧಾನ್ಯವನ್ನೋ ಕೂಲಿಯಾಗಿ ಪಡೆದು ದುಡಿಯುವ ಆಳು ಅಲ್ಲಿ ಸೇರುವುದಿಲ್ಲ. ಸ್ವಂತ ಸಾಗುವಳಿಯೆಂಬುದರ ಅರ್ಥದಲ್ಲಿ, ಒಡೆಯನು ತನ್ನ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದ ಮಾಡಿಸುವ ಬೇಸಾಯವೂ ಸೇರಿದೆ. ಉಳುವವನೆಂಬ ಮಾತಿನಲ್ಲಿ ಉಳಿಸುವವನೂ ಅಡಗಿದನು. ಮೊಟ್ಟು ಕಡಿದವನಿಗೆ ಗದ್ದೆಯೆಂಬ ಸ್ಮೃತಿವಾಕ್ಯಕ್ಕೆ ದಾಸನ ದುಡಿಮೆ ಒಡೆಯನದೆಂಬ ಇನ್ನೊಂದು ವಾಕ್ಯವು ಹೇಗೆ ಅಪವಾದವಾಯಿತೋ, ಇಪ್ಪತ್ತನೆಯ ಶತಮಾನದ ಉದಾರವಾದ ಕಾಯಿದೆಯಲ್ಲಿಯೂ ಅದೇ ಣಿಜಂತವು ಬೇರೊಂದು ವೇಷದಲ್ಲಿ ಬಂದು ಕುಳಿತಿತು.

ಫಲವು ಊಹಿಸತಕ್ಕದ್ದೇ. ಗೇಣಿಚೀಟಿ ಇದ್ದವನಿಗೆ, ಪಹಣಿಯ ಸಾಗುವಳಿಯ ಅಂಕಣದಲ್ಲಿ ಹೆಸರಿದ್ದವನಿಗೆ, ನೆರೆಯವರ ಸಾಕ್ಷಿಯನ್ನು ತರಬಲ್ಲವನಿಗೆ ನೆಲ ದೊರೆಯಿತು. ಇವರು ಬಹುಮಟ್ಟಿಗೆ ಮಧ್ಯಮ ಜಾತಿಗಳ ಒಕ್ಕಲುಗಳು. ವ್ಯವಸಾಯದ ಕೂಲಿಕಾರನಿಗೆ ಅವನು ವಾಸವಾಗಿದ್ದ ಮನೆಯ ನೆಲ ದೊರೆಯುವಂತೆ ಬೇರೊಂದು ಕಲಮಿದ್ದಿತು. ಅವನು ನಾಟಿಮಾಡಿದ ಗದ್ದೆಗೆ ಅಂಥ ಕಲಮಿರಲಿಲ್ಲ. ೧೯೪೮ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲಸಿ ಅಧ್ಯಯನ ಮಾಡಿದ ಎಂ. ಎನ್. ಶ್ರೀನಿವಾಸರು ಪ್ರಬಲ ಜಾತಿಯೆಂಬ ಪರಿಕಲ್ಪನೆಯನ್ನು ಕೊಟ್ಟರು. ವರ್ಣಕ್ರಮದಲ್ಲಿ ಮೇಲಿಲ್ಲದಿದ್ದರೂ ನೆಲವೂ ಜನಸಂಖ್ಯೆಯೂ ಉಳ್ಳ ಜಾತಿಯೇ ಹಳ್ಳಿಯಲ್ಲಿ ಪ್ರಭುವೆಂದು ಅದರ ಸಾರ. ಒಡೆತನವು ಒಕ್ಕಲಿಗೆ ಇಳಿದಂತೆ ಈ ಪ್ರಾಬಲ್ಯವು ಅನೇಕ ಕಡೆಗಳಲ್ಲಿ ಇನ್ನೂ ಗಟ್ಟಿಯಾಯಿತು.

ಆಳಿನ ಜಾತಿಗಳಿಗೆ ನೆಲವು ಬೇರೆ ದಾರಿಯಿಂದ, ಸರ್ಕಾರದ ಮಂಜೂರಾತಿಯಿಂದ, ಅಲ್ಪಸ್ವಲ್ಪವಾಗಿ ಬಂದಿತು. ಬಂದುದೂ ಸಾಲಕ್ಕೆ, ಕಷ್ಟಕ್ಕೆ ಕೈಬಿಟ್ಟು ಹೋಗುತ್ತಿದ್ದುದರಿಂದ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಮಂಜೂರಾದ ನೆಲಗಳ ಪರಭಾರೆಯನ್ನು ನಿಷೇಧಿಸುವ ಕಾಯಿದೆಯನ್ನು ೧೯೭೮ರಲ್ಲಿ ಮಾಡಬೇಕಾಯಿತು. ತಡವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದೆಂದು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಾಲಮಿತಿಯ ಅಡ್ಡಿಯನ್ನು ತೆಗೆಯಲು ೨೦೨೩ರಲ್ಲಿ ತಿದ್ದುಪಡಿ ಬಂದಿತು. ಈ ನಡುವೆ ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಯ ಎಪ್ಪತ್ತೊಂಬತ್ತನೆಯ ಕಲಮಿನ ಅ, ಬ, ಕ ಭಾಗಗಳನ್ನು ತೆಗೆದುದರಿಂದ ವ್ಯವಸಾಯಗಾರರಲ್ಲದವರೂ ವ್ಯವಸಾಯದ ನೆಲವನ್ನು ಕೊಳ್ಳುವಂತಾಯಿತು. ೧೯೭೪ರಲ್ಲಿ ಒಕ್ಕಲಿಗೆ ಇಳಿದ ನೆಲವು ಮತ್ತೆ ಊರಿನ ಹೊರಗಿನ ಒಡೆಯನ ಕಡೆಗೆ ಹೋಗಲು ದಾರಿಯಾಯಿತೆಂಬ ಆತಂಕವು ರೈತರಲ್ಲಿ ಹುಟ್ಟಿದುದು ಸಹಜ.

ಸಂಖ್ಯೆಗಳನ್ನೂ ಒಮ್ಮೆ ನೋಡಬೇಕು. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ಸಾಗುವಳಿದಾರರು ಸುಮಾರು ೧೧.೯ ಕೋಟಿ, ವ್ಯವಸಾಯದ ಕೂಲಿಕಾರರು ಸುಮಾರು ೧೪.೪ ಕೋಟಿ. ಒಕ್ಕಲುಗಳಿಗಿಂತ ಆಳುಗಳು ಹೆಚ್ಚು. ಅದೇ ಗಣತಿಯಲ್ಲಿ ಪರಿಶಿಷ್ಟ ಜಾತಿಯವರು ದೇಶದ ಜನರಲ್ಲಿ ನೂರಕ್ಕೆ ೧೬.೬ರಷ್ಟಿದ್ದರು, ೨೦೧೫-೧೬ರ ಕೃಷಿಗಣತಿಯಲ್ಲಿ ಅವರ ಸಾಗುವಳಿಯಲ್ಲಿದ್ದ ನೆಲವು ನೂರಕ್ಕೆ ೯ರಷ್ಟನ್ನೂ ಮುಟ್ಟಲಿಲ್ಲ.

೭

ಈ ವಿಚಾರದಿಂದ ತಿಳಿಯುವುದೇನು? ನಮ್ಮ ಗ್ರಾಮಗಳಲ್ಲಿ ನೆಲದ ಹಕ್ಕು ಯಾವಾಗಲೂ ಒಂದು ಮಾತನ್ನು ಹಿಡಿದುಕೊಂಡು ಬಂದಿದೆ. ಮಾನ್ಯ, ವೃತ್ತಿ, ಉಂಬಳಿ, ವರ್ಗ, ಮೂಲಗೇಣಿ, ವಾರ: ಯಾವ ಪಾಲಿಗೆ ಹೆಸರಿದ್ದಿತೋ ಅದು ಶಾಸನದಲ್ಲಿ ನಿಂತಿತು, ಕಡತದಲ್ಲಿ ನಿಂತಿತು, ಕೊನೆಗೆ ಕಾಯಿದೆಯಲ್ಲಿಯೂ ನಿಂತಿತು. ಆಳಿನ ದುಡಿಮೆಗೆ ಕೂಲಿ, ಪಡಿ, ಜೀತ ಎಂಬ ಹೆಸರುಗಳಿದ್ದುವು. ಪಾಲೆಂಬ ಹೆಸರನ್ನು ಯಾರೂ ಕೊಡಲಿಲ್ಲ. ಆದುದರಿಂದಲೇ ಹಂಚುವ ದಿನ ಬಂದಾಗ ಅವನಿಗೆ ತೋರಿಸಲು ಏನೂ ಇರಲಿಲ್ಲ. ಜಾತಿಯು ಈ ನಾಮಕರಣವನ್ನು ಮಾಡಿತು. ವರ್ಗವು ಅದರ ಫಲ.

ಈ ಲೇಖಕನು ಹುಟ್ಟಿದ ಮನೆ ವೃತ್ತಿಯ ಅನ್ನವನ್ನುಂಡದ್ದು. ವೃತ್ತಿಯಿಂದ ಬಂದಿದ್ದ ಗದ್ದೆ ೧೯೭೪ರ ಬಳಿಕ ಒಕ್ಕಲಿನ ಮನೆಗೆ ಸೇರಿತು. ಹಿರಿಯರು ಅದನ್ನು ನೆನೆದು ದುಃಖಿಸುತ್ತಿದ್ದುದನ್ನು ಬಾಲ್ಯದಲ್ಲಿ ಕೇಳಿದ್ದೇನೆ. ಒಕ್ಕಲಿನ ಮನೆಯವರ ಸಂತೋಷವನ್ನೂ ಕಂಡಿದ್ದೇನೆ. ನಮ್ಮ ದುಃಖಕ್ಕೆ ಶಾಸನದ ನಕಲೊಂದು ಆಧಾರವಾಗಿದ್ದಿತು. ಅವರ ಸಂತೋಷಕ್ಕೆ ತೀರ್ಪಿನ ಕಾಗದವಿದ್ದಿತು. ಆ ಗದ್ದೆಯಲ್ಲಿ ತಲೆತಲಾಂತರದಿಂದ ನಾಟಿಮಾಡಿ ಕೊಯ್ದ ಮೂರನೆಯ ಮನೆಯೊಂದಿದ್ದಿತು. ಆ ಮನೆಯವರು ಒಡೆಯ ಬದಲಾದ ಮರುವರ್ಷವೂ ಅದೇ ಗದ್ದೆಗೆ ಅದೇ ಕೂಲಿಗೆ ಬಂದರು. ಅವರ ವಿಷಯದಲ್ಲಿ ದುಃಖಿಸಿದವರನ್ನಾಗಲಿ ಸಂತೋಷಿಸಿದವರನ್ನಾಗಲಿ ನಾನು ನೋಡಿದ ನೆನಪಿಲ್ಲ.

ಶಾಸನವನ್ನೂ ಕಾವ್ಯವನ್ನೂ ಪಾಠ ಹೇಳುವ ನಮ್ಮಂಥವರ ಕೈಯಲ್ಲಿ ನೆಲವನ್ನು ಹಂಚುವ ಶಕ್ತಿಯಿಲ್ಲ. ಆದರೆ ದಾನಶಾಸನವೊಂದನ್ನು ಓದಿಸುವಾಗ ದಾತೃವಿನ ವಂಶ, ಪ್ರತಿಗ್ರಹೀತೃವಿನ ಗೋತ್ರ, ಎಲ್ಲೆಯ ಕಲ್ಲು ಮರಗಳು ಇವುಗಳನ್ನೆಲ್ಲ ವಿವರಿಸಿದ ಬಳಿಕ, ಈ ನೆಲವನ್ನು ಉತ್ತವರು ಯಾರು, ಅವರ ಹೆಸರು ಏಕೆ ಇಲ್ಲ ಎಂಬ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಬಹುದು. ಭೂಮಿಯು ಪ್ರಾಣಿಗಳೆಲ್ಲಕ್ಕೂ ಸಾಧಾರಣವಾದ ಧನವೆಂದು ಮಾಧವಾಚಾರ್ಯರು ಹೇಳಿದ ಮಾತಿಗೆ ನಾವು ಸಲ್ಲಿಸಬಹುದಾದ ಅಲ್ಪವಾದ ಗೌರವ ಅದೆಂದು ಭಾವಿಸಿ, ಈ ಲೇಖನವನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿದ್ದೇನೆ.